ಹಿಂಬಾಗಿಲ ಪೈಲಟ್

ನಮ್ಮದು ಸಣ್ಣ ವಿಮಾನ ಕಂಪನಿ. ರೆಕ್ಕೆಯಲ್ಲಿ ಫ್ಯಾನು ತಿರುಗುವ ವಿಮಾನಗಳು. ಹತ್ತುವುದಕ್ಕೂ ಇಳಿಯುವುದಕ್ಕೂ ಹಿಂದುಗಡೆ ಒಂದೇ ಬಾಗಿಲು. ಪ್ರಯಾಣಿಕರಿಗೂ ಅದೇ, ಪೈಲಟ್‌ಗಳಿಗೂ ಅದೇ. ಜಾಹೀರಾತಿನಲ್ಲಿ ಇದನ್ನು ಆತ್ಮೀಯ ವಾತಾವರಣ ಎನ್ನುತ್ತಾರೆ.

ಹೊಸದಾಗಿ ಕೋ-ಪೈಲಟ್ ಆಗಿ ಸೇರಿದ ನನಗೆ ಹಾರಾಟಕ್ಕಿಂತ ಸ್ಟ್ಯಾಂಡ್‌ಬೈ ಹೆಚ್ಚು ಬೀಳುತ್ತಿತ್ತು. ಯಾರಾದರೂ ಹುಷಾರಿಲ್ಲವೆಂದರೆ ಕರೆ ಬರುತ್ತದೆ, ಅಲ್ಲಿಯವರೆಗೆ ಸಿದ್ಧವಾಗಿರಬೇಕು. ಏರ್‌ಪೋರ್ಟ್ ದಾರಿಯಲ್ಲಿ ಹೆಬ್ಬಾಳದ ಟ್ರಾಫಿಕ್ ನಂಬುವಂತಿಲ್ಲ. ಹಾಗಾಗಿ ಬಾಗಲಗುಂಟೆಯ ಮನೆಯಲ್ಲಿ ಬೆಳಗಿನಿಂದಲೇ ಯೂನಿಫಾರ್ಮ್ ತೊಟ್ಟು, ಭುಜಕ್ಕೆ ಪಟ್ಟಿ ಏರಿಸಿ, ಸೋಫಾದ ಮೇಲೆ ಕೂತಿರುತ್ತಿದ್ದೆ. ಸುಮ್ಮನೆ ಕೂತವನನ್ನು ಕಂಡರೆ ಅಮ್ಮನಿಗಾಗದು. ಅವರೆಕಾಯಿ ಬಿಡಿಸಲು ತಂದಿಡುತ್ತಿದ್ದಳು. ನನ್ನ ಬಿಳಿ ಷರಟಿಗೆಲ್ಲ ಅವರೆಯ ಸೊಗಡು.

ಬಸ್ ಓಡಿಸಿ ನಿವೃತ್ತರಾದ ಅಪ್ಪ, “ನಮ್ ಡಿಪೋಲಿ ಇದನ್ನ ಸ್ಪೇರ್ ಅಂತಿದ್ರು ಕಣೋ. ನಿಮ್ಮಲ್ಲಿ ಹೆಸರು ಮಾತ್ರ ಉದ್ದ” ಎಂದು ನಗುತ್ತಿದ್ದರು.

ಅಮ್ಮನಿಗೆ ಇದ್ದದ್ದು ಒಂದೇ ಆಸೆ. “ನೀನು ಮೈಕಲ್ಲಿ ಮಾತಾಡೋದನ್ನ ನಾನು ವಿಮಾನದಲ್ಲಿ ಕೂತು ಕೇಳ್ಬೇಕು. ಕನ್ನಡದಲ್ಲೇ.” ನಾನು ಬಚ್ಚಲುಮನೆಯಲ್ಲಿ ಚೊಂಬು ಹಿಡಿದು ಅಭ್ಯಾಸ ಮಾಡಿದೆ. ಕೊನೆಗೂ ಹುಬ್ಬಳ್ಳಿಯ ಹಾರಾಟ ನನ್ನ ಪಾಲಿಗೆ ಬಂತು. ಅಪ್ಪ ಅಮ್ಮನಿಗೆ ಕಡೆಯ ಸಾಲಿನಲ್ಲಿ ಸೀಟು ಸಿಕ್ಕಿತು. ಅಮ್ಮ ರೇಷ್ಮೆ ಸೀರೆ ಉಟ್ಟು ಬಂದಳು.

ಇನ್ನೇನು ನಾನು ಮೈಕಿಗೆ ಕೈ ಹಾಕಬೇಕು, ಆಫೀಸಿನಿಂದ ಸಂದೇಶ. ನನ್ನಂಥ ಇನ್ನೊಬ್ಬ ಹೊಸಬನ ಪರೀಕ್ಷೆ ಇದೇ ಹಾರಾಟದಲ್ಲಿ ಆಗಬೇಕಂತೆ. ನಾನು ಮತ್ತೆ ಸ್ಟ್ಯಾಂಡ್‌ಬೈ. ಅವನಾಗಲೇ ಬ್ಯಾಗ್ ಹಿಡಿದು ನನ್ನ ಬೆನ್ನ ಹಿಂದೆ ನಿಂತಿದ್ದ. ಕ್ಯಾಪ್ಟನ್ ಸಾರಿ ಎಂದರು. ನಮ್ಮ ಕಂಪನಿಯಲ್ಲಿ ಧಾರಾಳವಾಗಿ ಸಿಗುವುದು ಅದೊಂದೇ.

ಒಂದೇ ಬಾಗಿಲು ಎಂದೆನಲ್ಲ. ವಿಮಾನದ ಉದ್ದಕ್ಕೂ ಎಲ್ಲರೆದುರು ನಡೆಯಬೇಕು. ಬ್ಯಾಗ್ ಹಿಡಿದ ಪೈಲಟ್ ಹಿಂಬಾಗಿಲ ಕಡೆ ಹೊರಟದ್ದು ಕಂಡು ಹರಟೆಗಳೆಲ್ಲ ನಿಂತವು. ನನಗೆ ಸಿಟ್ಟು, ಅದಕ್ಕಿಂತ ಹೆಚ್ಚು ನಾಚಿಕೆ.

“ಎಲ್ಲಿಗೋ ಹೊರಟೆ?” ಅಮ್ಮ ಕೇಳಿದಳು.

“ಸ್ಟ್ಯಾಂಡ್‌ಬೈ ಅಮ್ಮ. ಇಳೀಬೇಕಂತೆ.”

“ಹಂಗಾದ್ರೆ ಇದನ್ನ ಯಾರೋ ಓಡಿಸ್ತಾರೆ?” ಅಮ್ಮನದು ಮೈಕ್ ಬೇಡದ ದನಿ. ಬೆಲ್ಟ್ ಕಿತ್ತೆಸೆದು ಎದ್ದಳು. “ಏಳ್ರೀ, ನಾವೂ ಇಳಿಯೋಣ. ಇವನಿಲ್ದಿದ್ಮೇಲೆ ನಮಗೇನ್ ಕೆಲ್ಸ ಹುಬ್ಬಳ್ಳೀಲಿ?”

ಮುಂದಿನ ಸಾಲಿನವನು ಪಕ್ಕದವನಿಗೆ, “ಗುರು, ಪೈಲಟ್ ಅಪ್ಪ ಅಮ್ಮನ್ನೂ ಕರ್ಕೊಂಡು ಇಳೀತಿದ್ದಾನೆ! ಏನೋ ಕೆಟ್ಟೋಗಿದೆ” ಎಂದ. ಟಕಟಕನೆ ಎಲ್ಲ ಕಡೆ ಬೆಲ್ಟ್ ಬಿಚ್ಚಿದ ಸದ್ದು. ಗಗನಸಖಿ ನನ್ನ ಮುಖ ನೋಡಿದಳು.

ಬ್ಯಾಗ್ ಕೆಳಗಿಟ್ಟು ಸೀಟುಗಳ ನಡುವೆ ತಿರುಗಿ ನಿಂತೆ. “ಎಲ್ಲರಿಗೂ ನಮಸ್ಕಾರ. ನಾನು ನಿಮ್ಮ ಕೋ-ಪೈಲಟ್...” ಅಮ್ಮನ ಕಡೆ ನೋಡಿದೆ. “...ಆಗಿದ್ದೆ. ವಿಮಾನಕ್ಕೆ ಏನೂ ಆಗಿಲ್ಲ, ಬದಲಾಗಿರೋದು ನಾನು ಮಾತ್ರ. ಹುಬ್ಬಳ್ಳೀಲಿ ಹವೆ ಚೆನ್ನಾಗಿದೆ. ದಯವಿಟ್ಟು ಬೆಲ್ಟ್ ಹಾಕ್ಕೊಂಡು ಕೂತ್ಕೊಳ್ಳಿ.”

ಒಬ್ಬೊಬ್ಬರಾಗಿ ಕೂತರು. ಅಮ್ಮ ಎಲ್ಲರಿಗಿಂತ ಕೊನೆಯಲ್ಲಿ ಕೂತಳು. ಅಪ್ಪ ಅವಳ ಬೆಲ್ಟ್ ಸಿಕ್ಕಿಸಿದರು.

“ಕೇಳಿಸ್ತಾ?” ಎಂದೆ.

“ಕೇಳಿಸ್ತು ಕಣೋ.” ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ಹೆಂಗೂ ಮನೇಲೇ ಇರ್ತೀಯಲ್ಲ. ಫ್ರಿಜ್ಜಲ್ಲಿ ಅವರೆಕಾಯಿ ಇದೆ, ಬಿಡಿಸಿಡು.”