ಚಳಿಯಿಲ್ಲದ ಊರಿನ ಇಂಗ್ಲಿಷ್ ಮಿಸ್

ಹೋದ ವಾರ ವಿಜಯವಾಡದ ಗವರ್ನರ್‌ಪೇಟೆಯ ಅಂಗಡಿಯೊಂದರಲ್ಲಿ ಮಗಳ ಪ್ರವಾಸಕ್ಕೆಂದು ಉಣ್ಣೆ ಶಾಲು ನೋಡುತ್ತಿದ್ದೆ. ಅಂಗಡಿಯವನು ಮೇಲಿನಿಂದ ಗಂಟು ಇಳಿಸಿ ಬಿಚ್ಚಿದ. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ವಿಶಾಖಪಟ್ಟಣದ ಆ ಜೂನ್ ಬೆಳಗ್ಗೆ... ನಮ್ಮ ಇಂಗ್ಲಿಷ್ ಮಿಸ್... ಶಾಲು ಕೊಳ್ಳದೆ ಎದ್ದು ಬಂದೆ. ಮಗಳು ಬೈದಳು. ಬೈದುಕೊಳ್ಳಲಿ.

ಎಂಬತ್ತರ ದಶಕದ ಕೊನೆಯ ಮಾತು. ಕಾರ್ಖಾನೆಯ ಟೌನ್‌ಶಿಪ್‌ನಲ್ಲಿ ನಮ್ಮ ಕ್ವಾರ್ಟರ್ಸಿನ ಎದುರಿಗೇ ಅವರದು. ನಾವು ತುಮಕೂರಿನವರು, ಅವರು ಹಾಸನದ ಕಡೆಯವರು. ಟೌನ್‌ಶಿಪ್ಪಿನ ಶಾಲೆಯಲ್ಲಿ ಟೆಂಪೊರರಿ ಟೀಚರ್. ಪ್ರತಿ ಬೇಸಿಗೆಗೆ ಕೆಲಸ ಹೋಗುತ್ತಿತ್ತು, ಶಾಲೆ ತೆರೆದಾಗ ಮತ್ತೆ ಕರೆಯುತ್ತಿದ್ದರು. ದೇವತೆಯಂಥ ಹೆಂಗಸು ಅಂತೇನೂ ನಾನು ಹೇಳುವುದಿಲ್ಲ. ಕಿವಿ ಹಿಂಡಿದರೆ ಸಂಜೆವರೆಗೂ ಉರಿ. ಇಂಗ್ಲಿಷ್ ಬರುತ್ತದೆ ಅನ್ನುವ ಜಂಬ ಬೇರೆ. ತರಕಾರಿಯವಳಿಗೂ ‘ಪ್ಲೀಸ್’ ಅನ್ನುತ್ತಿದ್ದರು. ಆದರೆ ಪಾಠಕ್ಕೆ ನಿಂತರೆ ಗಂಟೆ ಹೊಡೆದದ್ದು ನಮಗೆ ಗೊತ್ತಾಗುತ್ತಿರಲಿಲ್ಲ.

ಸಂಜೆ ನಮ್ಮ ಮೆಟ್ಟಿಲ ಮೇಲೆ ಕೂತು ಅಮ್ಮನ ಹತ್ತಿರ ಒಂದೇ ಮಾತು. “ಒಂದ್ಸಲ ಪರ್ಮನೆಂಟ್ ಆಗ್ಬಿಟ್ರೆ ಸಾಕು ಕಣ್ರೀ. ಇವರ ಹೆಂಡ್ತಿ, ಅವರ ಸೊಸೆ ಅನ್ನೋದು ಬಿಟ್ಟು ಟೀಚರ್ ಅಂತಾರೆ.”

ಆ ವರ್ಷ ಪರ್ಮನೆಂಟ್ ಹುದ್ದೆ ಒಂದು ಬಂತು. ಕಮಿಟಿಯವರು ಕ್ಲಾಸಿನಲ್ಲಿ ಕೂತು ಪಾಠ ನೋಡುತ್ತಾರೆ ಅಂತಾಯಿತು. ಅವತ್ತಿನ ಪಾಠದಲ್ಲಿ ಹಿಮ ಬೀಳುವ ಊರಿನ ಒಬ್ಬ ತಾಯಿ, ಹೊರಗೆ ಹೊರಟ ಮಗುವಿಗೆ “ಬಂಡಲ್ ಅಪ್, ಇಟ್ಸ್ ಫ್ರೀಜಿಂಗ್!” ಅನ್ನುತ್ತಾಳೆ. ನಮಗೋ, ಬೆವರು ಬಿಟ್ಟರೆ ಬೇರೆ ಹವಾಮಾನ ಗೊತ್ತಿಲ್ಲ! ಮಿಸ್ ಮನೆಯ ಟ್ರಂಕಿನಿಂದ ನುಸಿಗುಳಿಗೆ ವಾಸನೆಯ ಶಾಲನ್ನೂ ಗಂಡನ ಮಂಕಿ ಕ್ಯಾಪನ್ನೂ ತಂದಿದ್ದರು. ಮುಂದಿನ ಬೆಂಚಿನಲ್ಲಿದ್ದ ನನ್ನನ್ನು ಎಬ್ಬಿಸಿ, ಕಣ್ಣು ಮಾತ್ರ ಕಾಣುವ ಹಾಗೆ ಸುತ್ತಿ, ಬಾಗಿಲಲ್ಲಿ ನಿಲ್ಲಿಸಿದರು. ನನ್ನ ಬೆನ್ನಮೇಲೆ ಬೆವರು ಹರಿಯುತ್ತಿತ್ತು.

ಅರ್ಧ ಇಂಗ್ಲಿಷು, ಅರ್ಧ ತೆಲುಗಿನಲ್ಲಿ ಅವರು ಹೇಳಿದ್ದು ಇನ್ನೂ ನೆನಪಿದೆ. ಚಳಿಯಲ್ಲಿ ಬೆಚ್ಚಗೆ ಸುತ್ತಿಕೊಂಡು ಹೋಗು ಅಂತ ಇದರ ಅರ್ಥ. ಬಾಗಿಲಲ್ಲಿ ನಿಂತು, ಹೊರಟವರಿಗೆ ಹೇಳುವ ಮಾತು. ದೊಡ್ಡ ಸಾಹೇಬರಿಗೆ ಯಾರೂ ಹೀಗೆ ಹೇಳುವುದಿಲ್ಲ, ನಮ್ಮವರು ಅಂದುಕೊಂಡವರಿಗೆ ಮಾತ್ರ. ಇನ್ನು ಫ್ರೀಜಿಂಗ್ ಅಂದರೆ ನೀರು ಹೆಪ್ಪುಗಟ್ಟಲೇಬೇಕು ಅಂತಿಲ್ಲ. ಒಂಚೂರು ಥಂಡಿಯಾದರೂ ಇಂಗ್ಲಿಷಿನವರು ಹಾಗೇ ಅನ್ನುತ್ತಾರೆ. ಊಟ ತಡವಾದರೆ ನಾವು ‘ಹಸಿವಿನಿಂದ ಸತ್ತೇ ಹೋದೆ’ ಅನ್ನಲ್ವಾ, ಹಾಗೆ. ಆಮೇಲೆ ಒಬ್ಬೊಬ್ಬರೇ ಬಂದು ನನ್ನ ತಾಯಿಯಾದರು. ಒಬ್ಬಳು ನನ್ನ ಗಲ್ಲ ಹಿಡಿದು “ಬಂಡಲ್ ಅಪ್, ನಾನ್ನಾ!” ಅಂದಳು, ತೆಲುಗಿನವರು ಮಗುವನ್ನು ಮುದ್ದಿಗೆ ಕರೆಯುವ ಹಾಗೆ. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಆ ಮಾತು ನಮಗೆಲ್ಲ ಬಂದುಬಿಟ್ಟಿತ್ತು ರೀ, ಇನ್ನೇನು ಬೇಕು?

ಕಮಿಟಿಯಲ್ಲಿ ದೊಡ್ಡ ಆಫೀಸರೊಬ್ಬರ ಹೆಂಡತಿ ಇದ್ದರು. “ನೀವು ಯಾವತ್ತಾದ್ರೂ ಸ್ನೋ ನೋಡಿದೀರಾ, ಮೇಡಂ?” ಅಂತ ಇಂಗ್ಲಿಷಿನಲ್ಲಿ ಕೇಳಿದರು. ಮಿಸ್ ಇಲ್ಲ ಅಂದರು. ಆಕೆ ಪಕ್ಕದವರನ್ನು ನೋಡಿ ನಕ್ಕರು. ಮಿಸ್ಸಿನ ಉಚ್ಚಾರವನ್ನು ನಮ್ಮೆದುರಿಗೇ ತಿದ್ದಿದರು. ಡ್ರಾಮಾ ಮಾತ್ರ ಚೆನ್ನಾಗಿತ್ತು ಅನ್ನುತ್ತ ಎದ್ದು ಹೋದರು. ಮಿಸ್ ನನ್ನ ತಲೆಯಿಂದ ಕ್ಯಾಪು ತೆಗೆದು, ಶಾಲು ಮಡಿಸಿಟ್ಟರು.

ಕೆಲಸ ಇನ್ನೊಬ್ಬ ಆಫೀಸರ ಹೊಸ ಸೊಸೆಗೆ ಹೋಯಿತು. ಆಕೆ ಬೆಟ್ಟದ ಊರಿನಲ್ಲಿ ಬೆಳೆದು ಹಿಮ ನೋಡಿದ್ದರಂತೆ. ನೋಡಿದ್ದರೆ ಏನಾಯ್ತು? ಹಿಮವೇನು ಕ್ಲಾಸಿಗೆ ಬಂತಾ? ಅದೇ ಪಾಠಕ್ಕೆ ಅರ್ಥ ಬರೆಸಿ ಬಾಯಿಪಾಠ ಮಾಡಿಸಿದರು, ಅಷ್ಟೇ. ಈಗಲೂ ನೆನೆಸಿಕೊಂಡರೆ ನನ್ನ ಹೊಟ್ಟೆ ಉರಿಯುತ್ತದೆ.

ಮಿಸ್ ಅಳಲಿಲ್ಲ, ಜಗಳವಾಡಲಿಲ್ಲ. ಅಮ್ಮ ಕಾಫಿ ತೆಗೆದುಕೊಂಡು ಹೋದರೆ “ಹೋಗ್ಲಿ ಬಿಡ್ರೀ” ಅಂದರಂತೆ. ಮತ್ತೆ ಟೆಂಪೊರರಿಗೆ ಕರೆದಾಗ ಹೋಗಲಿಲ್ಲ. ಟ್ಯೂಷನ್ ಹೇಳಿಕೊಡಿ ಅಂತ ಕೇಳಿದವರಿಗೆ ನನಗೆ ಬರಲ್ಲ ಅಂದುಬಿಟ್ಟರು. ತರಕಾರಿಯವಳ ಹತ್ತಿರ ತೆಲುಗಿನಲ್ಲೇ ಚೌಕಾಸಿ ಶುರುವಾಯಿತು. ಎರಡು ವರ್ಷ ಕಳೆದು ಮಗ ಹುಟ್ಟಿದ. ತೊಂಬತ್ತರ ದಶಕದಲ್ಲಿ ನಾವು ವಿಜಯವಾಡಕ್ಕೆ ಬಂದೆವು. ಮಿಸ್ಸಿನ ಯಜಮಾನರೂ ಕೆಲಸ ಬಿಟ್ಟು ಇಲ್ಲೇ ಬೆಂಜ್ ಸರ್ಕಲ್ ಹತ್ತಿರ ಮನೆ ಮಾಡಿದರು. ನನ್ನ ಮದುವೆಯಾದ ಹೊಸತರಲ್ಲಿ ಮಿಸ್ ಸೀರೆ ಅಂಗಡಿಯಲ್ಲಿ ಸಿಕ್ಕಿದರು. ನನ್ನ ಟೀಚರ್ ಅಂತ ನನ್ನವರಿಗೆ ಸಂಭ್ರಮದಿಂದ ಪರಿಚಯ ಮಾಡಿಸಿದೆ. ತಟ್ಟನೆ ಅಂದರು, “ನಾನ್ಯಾವ ಟೀಚರಮ್ಮ... ಎದುರುಮನೆಯವರು ಅಂತ ಹೇಳು.”

ಹೋದ ವರ್ಷ ತೀರಿಕೊಂಡರು. ವೈಕುಂಠ ಸಮಾರಾಧನೆಗೆ ಹೋಗಿದ್ದೆ. ಬಂದವರೆಲ್ಲ ಅವರ ಕೈರುಚಿ ಹೊಗಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಬಡಿಸುತ್ತಿದ್ದ ಮಗನನ್ನು ನಿಲ್ಲಿಸಿ, ನಿಮ್ಮಮ್ಮ ನನಗೆ ಇಂಗ್ಲಿಷ್ ಕಲಿಸಿದ ಮಿಸ್ ಕಣಪ್ಪ ಅಂದೆ.

ಅವನಿಗೆ ಕನ್ನಡ ಅಷ್ಟಕ್ಕಷ್ಟೆ, ‘ಅಲ್ವಾ’ ಅನ್ನುವ ಕಡೆ ತೆಲುಗಿನ ‘ಕದಾ’ ಅನ್ನುತ್ತಾನೆ. ನನ್ನ ಮುಖವನ್ನೇ ನೋಡಿದ. “ಅಮ್ಮ ಟೀಚರಾ? ಬೇರೆ ಯಾರೋ ಇರಬೇಕು ಆಂಟಿ... ಅಮ್ಮನಿಗೆ ಇಂಗ್ಲಿಷ್ ಬರ್ತಿರಲಿಲ್ಲ ಕದಾ?”

ಬರ್ತಿತ್ತಪ್ಪ, ಬಹಳ ಚೆನ್ನಾಗಿ ಬರ್ತಿತ್ತು ಅಂದೆ. ಅವನು ಮರ್ಯಾದೆಗೆ ನಕ್ಕು ಮುಂದಿನ ಎಲೆಗೆ ಹೋದ. ನಂಬಲಿಲ್ಲ. ಹೌದು ಅನ್ನಲಿಕ್ಕೆ ಈಗ ಅವರೇ ಇಲ್ಲ.