ವೀರಬಸಪ್ಪನವರ ಮೇನ್ ಸ್ವಿಚ್

ಶಿಕಾರಿಪುರದ ಪೇಟೆಯಲ್ಲಿ ವೀರಬಸಪ್ಪನವರು ಕಬ್ಬಿಣದ ಅಂಗಡಿ ಮುಚ್ಚುವುದನ್ನು ಎದುರಿನ ಟೈಲರ್ ಆದ ನಾನು ದಿನಾ ಹೊಲಿಗೆ ನಿಲ್ಲಿಸಿ ನೋಡುತ್ತಿದ್ದೆ. ದೇವರ ಫೋಟೋಗೆ ಊದಿನಕಡ್ಡಿ, ಗಲ್ಲಾಪೆಟ್ಟಿಗೆಗೆ ನಮಸ್ಕಾರ, ಕೊನೆಗೆ ಗೋಡೆಯ ಮೇನ್ ಸ್ವಿಚ್ಚಿನ ಹಿಡಿಕೆ ಟಪ್ಪೆಂದು ಕೆಳಗೆ. ಗಿರಾಕಿಗೆ ಮೊಳೆ ತೂಗುತ್ತಿದ್ದರೂ ಸರಿ, ಉಳಿದ ಮೊಳೆ ಕತ್ತಲಲ್ಲೇ ಪೊಟ್ಟಣ ಸೇರುತ್ತಿತ್ತು. ಹಿಂದೊಮ್ಮೆ ವೈರು ಹೊತ್ತಿ ಅಂಗಡಿ ಪೂರ್ತಿ ಸುಟ್ಟಿತ್ತು. ಅಂದಿನಿಂದ ಈ ಪದ್ಧತಿ. ಅದರ ಬಗ್ಗೆ ಅವರ ಹತ್ತಿರ ಬಾಯಿ ತೆರೆಯುವ ಗಂಡಸು ಪೇಟೆಯಲ್ಲಿರಲಿಲ್ಲ, ನನ್ನನ್ನೂ ಸೇರಿಸಿ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಅವರ ಸೊಸೆ, ಸೊರಬದ ಹುಡುಗಿ ಅಶ್ವಿನಿ, ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ ಮಾಡಿಕೊಡುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಅವಳು ಮನೆಗೆ ಹೋಗಬೇಕು. ಕಂಪ್ಯೂಟರ್ ಆರಿಸುವುದು ಮಾವನ ಪಾಲು, ಅಂದರೆ ಮೇನ್ ಸ್ವಿಚ್ಚಿನ ಪಾಲು. ಕರೆಂಟ್ ಹೋದರೂ ಸ್ವಲ್ಪ ಹೊತ್ತು ಯಂತ್ರ ನಡೆಸುವ ಯುಪಿಎಸ್ ಕೀಂ ಕೀಂ ಎಂದರೆ ಅದರ ಗುಂಡಿಯನ್ನೂ ಒತ್ತಿ ಬಾಯಿ ಮುಚ್ಚಿಸುತ್ತಿದ್ದರು. ಯಂತ್ರದೊಳಗಿದ್ದ ಹಳೆಯ ಡಾಸ್ ಇದನ್ನೆಲ್ಲ ತಾಳಿಕೊಂಡಿತ್ತು.

ತೊಂಬತ್ತಾರರಲ್ಲಿ ಶಿರಾಳಕೊಪ್ಪದ ಕಂಪ್ಯೂಟರ್ ರಿಪೇರಿಯ ಗುರುಪ್ರಕಾಶ್ ಬಂದು ಡಾಸ್ ತೆಗೆದು ಹೊಸ ವಿಂಡೋಸ್ ಹಾಕಿದ. ಕೆಲವೇ ದಿನಗಳಲ್ಲಿ ಯಂತ್ರ ಬೆಳಿಗ್ಗೆ ಅರ್ಧ ಎದ್ದು ನಿಂತುಬಿಡತೊಡಗಿತು. ಗುರುಪ್ರಕಾಶ್ ಧೂಳು ಊದಿದ, ವೋಲ್ಟೇಜನ್ನು ಬೈದ, ಎಲ್ಲ ಅಳಿಸಿ ಮತ್ತೆ ಹಾಕಿದ. ಅವನಿದ್ದಷ್ಟು ಹೊತ್ತು ಸೊಗಸಾಗಿ ನಡೆಯುತ್ತಿತ್ತು. ಅವನು ಮಧ್ಯಾಹ್ನದ ಬಸ್ಸಿಗೆ ಹೋದರೆ ಒಂದೆರಡು ದಿನಕ್ಕೆ ಮತ್ತೆ ಅದೇ ಕತೆ.

"ಅಮಾಸಿ ಒಳಗ ನೆಟ್ಟಗಾಗ್ಲಿಲ್ಲ ಅಂದ್ರ ಆ ಕೋಣೇಲಿ ಪೈಪ್ ಇಡ್ತೀನಿ," ಎಂದರು ವೀರಬಸಪ್ಪ.

ಆ ಕೋಣೆ ಬಿಟ್ಟರೆ ಈ ಊರಿನಲ್ಲಿ ಅಶ್ವಿನಿಗೆ ತನ್ನದು ಎನ್ನುವುದು ಬೇರೆ ಇರಲಿಲ್ಲ. ಗುಂಡಿ ಹಾಕಿಸುವ ನೆಪದಲ್ಲಿ ನನ್ನ ಅಂಗಡಿಗೆ ಬಂದು ಕಣ್ಣೊರೆಸಿಕೊಂಡಳು. ನನಗೆ ವೀರಬಸಪ್ಪನವರ ಮೇಲೆ ಕೆಟ್ಟ ಸಿಟ್ಟು ಬಂತು. ಗುಂಡಿ ಹಾಕಿಕೊಟ್ಟೆ.

ಅಮಾವಾಸ್ಯೆಗೆ ಮೊದಲು ಗುರುಪ್ರಕಾಶ್ ಕೊನೆಯ ಸಲ ಬಂದಾಗ ಕೆಲಸ ಸಂಜೆಯವರೆಗೆ ಎಳೆಯಿತು. ಅಶ್ವಿನಿಯೂ ಉಳಿದಿದ್ದಳು. ಊದಿನಕಡ್ಡಿ, ನಮಸ್ಕಾರ, ಟಪ್. ಯುಪಿಎಸ್ ಕೂಗಿತು, ಅದರ ಬಾಯಿಯೂ ಮುಚ್ಚಿತು. ಹೊರಗೆ ಬಂದ ಗುರುಪ್ರಕಾಶನ ಮುಖ ಹುಳ್ಳಗಾಗಿತ್ತು.

ನನ್ನ ಅಂಗಡಿಯ ಮುಂದೆ ನಿಂತು ಅಶ್ವಿನಿಗೆ ಪಿಸುಗುಟ್ಟಿದ. "ಮೊದ್ಲು ವಿಂಡೋಸ್ ಮುಚ್ಬೇಕು, ಆಮೇಲೆ ಕರೆಂಟ್ ತೆಗೀಬೇಕು ಕಣ್ರೀ. ನಾನು ಹೇಳಿರ್ಲಿಲ್ವಾ?"

"ಇಲ್ಲ."

"ಹಂಗಾದ್ರೆ ನಿಮ್ ಮಾವಾರಿಗೆ ನೀವೇ ಹೇಳ್ರಿ," ಎಂದವನು ಮರುದಿನ ಬಂದು ಎಲ್ಲ ಹೊಸದಾಗಿ ಹಾಕಿಕೊಟ್ಟು ಸಂಜೆಗೆ ಮೊದಲೇ ಜಾಗ ಖಾಲಿ ಮಾಡಿದ.

ಆ ಸಂಜೆ ಅಶ್ವಿನಿ ಮೇನ್ ಸ್ವಿಚ್ಚಿಗೆ ಅಡ್ಡ ನಿಂತಳು. "ಮಾವಾ, ಇದನ್ನ ಇಳಿಸೋಕ್ ಮುಂಚೆ ಕಂಪ್ಯೂಟರಿಗೆ ಒಂದ್ ನಿಮಿಷ ಕೊಡಿ."

"ಬೆಂಕಿ ನನಗ ಒಂದ್ ನಿಮಿಷ ಕೊಟ್ಟಿತ್ತೇನು?"

ನನ್ನ ಕೈಯ ಸೂಜಿ ನಿಂತಿತು. ಇಷ್ಟು ವರ್ಷದಲ್ಲಿ ಅವರು ಆ ಬೆಂಕಿಯ ಮಾತೆತ್ತಿದ್ದು ಅದೇ ಮೊದಲು.

"ಇದು ಕೊಡ್ತದೆ. ಬಂದು ನೋಡಿ," ಎಂದಳು ಅಶ್ವಿನಿ.

ಸುತ್ತಿಗೆ ಕೇಳುವ ನೆಪದಲ್ಲಿ ನಾನೂ ಹಿಂದೆ ಹೋದೆ. ಅವಳು ಮಾವನನ್ನು ಕುರ್ಚಿಯಲ್ಲಿ ಕೂರಿಸಿ, ಅವರ ಕೈಯಿಂದಲೇ ಮೌಸ್ ಒತ್ತಿಸಿದಳು. ಯಂತ್ರ ಸ್ವಲ್ಪ ಹೊತ್ತು ಗರಗರ ಎಂದಿತು. ಪರದೆ ಕಪ್ಪಾಗಿ, ಮಧ್ಯೆ ಕಿತ್ತಳೆ ಬಣ್ಣದ ಅಕ್ಷರಗಳು ಬಂದವು.

"ಏನಂತದ?"

"ಈಗ ಕರೆಂಟ್ ತೆಗೀಬಹುದು, ಏನೂ ಆಗಲ್ಲ ಅಂತ."

"ಏನೂ ಆಗಲ್ಲ ಅಂತದೇನು?"

"ಹೌದು ಮಾವಾ."

ಅವರು ಕಣ್ಣೊರೆಸಿಕೊಂಡರು. ಆಮೇಲೆ ಎದ್ದು ಹೋಗಿ ಮೆಲ್ಲಗೆ ಮೇನ್ ಇಳಿಸಿದರು. ಅಂದು ಟಪ್ ಎನ್ನುವ ಸದ್ದು ಬರಲಿಲ್ಲ.

ಯಂತ್ರ ಮತ್ತೆ ಕೈಕೊಡಲಿಲ್ಲ. ಪೈಪುಗಳು ಹೊರಗಡೆಯೇ ಉಳಿದವು. ಮುಚ್ಚುವ ಹೊತ್ತಿಗೆ ಬಂದ ಗಿರಾಕಿಗೆ ಈಗ ಬೆಳಕಲ್ಲೇ ಮೊಳೆ ಸಿಗುತ್ತಿತ್ತು. ಅಶ್ವಿನಿ ಮನೆಗೆ ಹೋದ ಮೇಲೆ ವೀರಬಸಪ್ಪ ತಾವೇ ಕಂಪ್ಯೂಟರ್ ಮುಚ್ಚಿ, ಆ ಕಿತ್ತಳೆ ಅಕ್ಷರಗಳಿಗೆ ಕಾಯುತ್ತಾ ಒಬ್ಬರೇ ಕೂತಿರುತ್ತಿದ್ದರು. ಅಕ್ಷರ ಬಂದ ಮೇಲೂ ಸ್ವಲ್ಪ ಹೊತ್ತು ಏಳುತ್ತಿರಲಿಲ್ಲ.