ಆಟ ಬಿಟ್ಟವನ ಸಾಕ್ಷಿ

ಗುಬ್ಬಿಯ ಕ್ರೈಸ್ತ ಸಭೆಯ ಉಜ್ಜೀವನ ಕೂಟದಲ್ಲಿ, ದೇವರು ನನ್ನನ್ನು ಹೇಗೆ ಬದಲಾಯಿಸಿದನೆಂದು ನಾನು ಎದ್ದು ನಿಂತು ಸಾಕ್ಷಿ ಹೇಳುತ್ತೇನೆಂದು ಅಮ್ಮ ನನ್ನನ್ನು ಒಂದು ಮಾತೂ ಕೇಳದೆ ಒಪ್ಪಿಕೊಂಡುಬಿಟ್ಟಿದ್ದಳು. ಫೋನಿನ ಆ ಕಡೆ ಇದ್ದವರು ಅವಳ ಅಣ್ಣ, ಅಂದರೆ ನನ್ನ ಸೋದರಮಾವ, ಅಲ್ಲಿನ ಸಭಾ ಹಿರಿಯರಲ್ಲಿ ಒಬ್ಬರು. "ಹೂಂ ಅಣ್ಣ, ಬಿಟ್ಟವ್ನೆ. ಪೂರ್ತಿ ಬಿಟ್ಟವ್ನೆ. ದೇವ್ರು ದೊಡ್ಡೋನು. ಬಂದು ಹೇಳ್ತಾನೆ ಬಿಡು," ಎಂದು ಅಡುಗೆಮನೆಯಿಂದ ಅವಳ ದನಿ ಕೇಳಿಸಿತು. ನಾನು ಆಗಷ್ಟೇ ಕುಣಿಗಲ್‌ನಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು ಉಪ್ಪಾರಹಳ್ಳಿಯ ನಮ್ಮ ಮನೆಯ ಸೋಫಾದ ಮೇಲೆ ಬಿದ್ದಿದ್ದೆ. ಶೂ ಬಿಚ್ಚುವುದಕ್ಕೇ ತ್ರಾಣ ಇರಲಿಲ್ಲ, ಇನ್ನು ಜಗಳ ಆಡುವುದಕ್ಕೆ ಎಲ್ಲಿಂದ ತರಲಿ?

ನಾನು ಬಿಟ್ಟದ್ದು ಕುಡಿತವಲ್ಲ, ಇಸ್ಪೀಟೂ ಅಲ್ಲ. ಮೊಬೈಲಿನಲ್ಲಿ ಆಡುವ ಒಂದು ಆಟ. ವಿಮಾನದಿಂದ ಒಂದು ದ್ವೀಪಕ್ಕೆ ಧುಮುಕಬೇಕು, ಖಾಲಿ ಮನೆಗಳಲ್ಲಿ ಬಂದೂಕು ಹುಡುಕಬೇಕು, ಎದುರು ಸಿಕ್ಕವರನ್ನು ಹೊಡೆಯಬೇಕು, ಕೊನೆಗೆ ಉಳಿದ ತಂಡ ಗೆದ್ದಂತೆ. ನಮ್ಮದು ನಾಲ್ಕು ಜನರ ತಂಡ. ಮರಳೂರಿನಲ್ಲಿ ಗ್ಯಾರೇಜ್ ಇಟ್ಟಿದ್ದ ಒಬ್ಬ ಬೈಕ್ ಮೆಕ್ಯಾನಿಕ್, ಕ್ಯಾತ್ಸಂದ್ರದ ಹಾಸ್ಟೆಲ್ ಮೆಸ್ಸಿನ ಒಬ್ಬ ಅಡುಗೆಯವನು, ಒಬ್ಬ ಬ್ಯಾಂಕ್ ಗುಮಾಸ್ತ, ಮತ್ತು ಕುಣಿಗಲ್‌ನ ಲ್ಯಾಬಿನಲ್ಲಿ ದಿನವಿಡೀ ಜನರ ರಕ್ತ ತೆಗೆಯುವ ನಾನು. ಅವರ್ಯಾರೂ ನಮ್ಮ ಸಭೆಯವರಲ್ಲ. ಆದರೂ ಭಾನುವಾರ ಬೆಳಿಗ್ಗೆ ನಾನು ಆರಾಧನೆಯಲ್ಲಿದ್ದಾಗ ನನ್ನನ್ನು ಬಿಟ್ಟು ಆಟ ಶುರು ಮಾಡುತ್ತಿರಲಿಲ್ಲ. ಮಧ್ಯಾಹ್ನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ತಕ್ಷಣ ಮೆಕ್ಯಾನಿಕ್ಕನ ದನಿ ಬರುತ್ತಿತ್ತು: "ಏನ್ಲಾ, ಚರ್ಚು ಮುಗೀತಾ? ನಮ್ಗೂ ಸೇರ್ಸಿ ಕೈ ಮುಗ್ದ್ಯಾ? ಬಾ ಬಾ, ಇವತ್ತು ಗೆಲ್ಲಂಗದೆ." ಅಪ್ಪ ತೀರಿಕೊಂಡ ವರ್ಷ ಸಭೆಯವರು ಬಂದು ಹಾಡಿ, ಪ್ರಾರ್ಥಿಸಿ, ಕಾಫಿ ಕುಡಿದು ಹೋದರು. ಅದಾದ ಮೇಲೂ ದಿನಾ ಸಂಜೆ ನನ್ನನ್ನು ಮಾತಾಡಿಸಿದವರು ಈ ಮೂವರು.

ಅಮ್ಮನ ಕಣ್ಣಿಗೆ ಆಟ ಅನ್ನುವುದು ಸೈತಾನನ ಕೆಲಸ. ನನಗೆ ಮದುವೆಯಾಗದಿರುವುದಕ್ಕೆ ಅದೇ ಕಾರಣ, ಕನ್ನಡಕ ಬಂದದ್ದಕ್ಕೂ ಅದೇ ಕಾರಣ. ಯುವಜನ ಕೂಟಗಳಲ್ಲಿ ಈ ಬಗ್ಗೆ ನಾನು ಕೇಳಿರುವ ಬೋಧಕರ ಪ್ರಸಂಗಗಳೂ ಕಡಿಮೆಯೇನಲ್ಲ. ಪರದೆಯೇ ವಿಗ್ರಹ, ಆಡುವವನೇ ಅದರ ಪೂಜಾರಿ ಅಂತ ಗಂಟಲು ಹರಿಯುವಂತೆ ಕೂಗಿದ ಬೋಧಕರೊಬ್ಬರು ಊಟದ ಹೊತ್ತಿಗೆ ಫೋನಿನಲ್ಲಿ ಕ್ರಿಕೆಟ್ ಸ್ಕೋರ್ ನೋಡುತ್ತಿದ್ದರು. ನಾನೂ ವಿಶ್ವಾಸಿಯೇ, ನನಗೂ ಮನಸ್ಸು ಚುಚ್ಚುತ್ತದೆ. ಕೊನೆಯ ಆಶೀರ್ವಾದಕ್ಕೆ ತಲೆ ಬಗ್ಗಿಸಿದಾಗ ಮನಸ್ಸು ಆಗಲೇ ಆ ದ್ವೀಪದಲ್ಲಿ ಇಳಿದಿರುತ್ತಿತ್ತು. ಅದು ಸರಿಯಲ್ಲ ಅಂತ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ದುಡಿದವನಿಗೆ ವಿಶ್ರಾಂತಿ ಬೇಕೆಂದು ದೇವರೇ ಒಂದು ದಿನ ಎತ್ತಿಟ್ಟ ಮೇಲೆ, ಗೆಳೆಯರ ಜೊತೆ ಒಂದಿಷ್ಟು ಆಡಿದರೆ ಆತನಿಗೆ ಕೋಪ ಬರುತ್ತದೆ ಅಂತ ನನಗೆ ಯಾವತ್ತೂ ಅನಿಸಿಲ್ಲ. ದಿನವಿಡೀ ಟೀವಿ ಮುಂದೆ ಕ್ರಿಕೆಟ್ ನೋಡುತ್ತಾ ಕೂರುವ ಹಿರಿಯರನ್ನು ಯಾರೂ ಸಾಕ್ಷಿಗೆ ಎಬ್ಬಿಸುವುದಿಲ್ಲ.

ಅಮ್ಮ ನನ್ನ ಆಟ ಬಿಡಿಸುವುದಕ್ಕೆ ಶುಕ್ರವಾರ ಶುಕ್ರವಾರ ಉಪವಾಸ ಕೂರುತ್ತಿದ್ದಳು. ಅವಳಿಗೆ ಶುಗರ್ ಇದೆ. ಹೊಟ್ಟೆಗೆ ಏನೂ ಇಲ್ಲದೆ ಸಂಜೆ ಹೊತ್ತಿಗೆ ಕೈ ನಡುಗುತ್ತಿತ್ತು. ನಾನೇ ಅವಳ ಬೆರಳು ಚುಚ್ಚಿ, ರಕ್ತ ನೋಡಿ, "ಅಮ್ಮ, ಇಳಿದುಹೋಗಿದೆ, ಒಂದು ಬಿಸ್ಕತ್ತಾದ್ರೂ ತಿನ್ನು" ಅನ್ನುತ್ತಿದ್ದೆ. "ನೀನು ಬಿಡು, ನಾನು ತಿಂತೀನಿ," ಎನ್ನುತ್ತಿದ್ದಳು. ಅಬ್ಬಾ, ಆ ಹಟ! ಲ್ಯಾಬಿನಲ್ಲಿ ಎಂಥೆಂಥ ರೋಗಿಗಳನ್ನೋ ಸಂಭಾಳಿಸಿದ್ದೇನೆ, ಮನೆಯಲ್ಲಿ ಈ ಒಬ್ಬಳ ಮುಂದೆ ನನ್ನ ಆಟ ನಡೆಯಲಿಲ್ಲ.

ಕೊನೆಗೆ ನಾನು ಬಿಟ್ಟೆ. ಆದರೆ ಅದರಲ್ಲಿ ಅದ್ಭುತವೇನೂ ಇರಲಿಲ್ಲ. ಅಡುಗೆಯವನು ಬೇರೆ ಊರಿನ ಹಾಸ್ಟೆಲ್ಲಿಗೆ ಹೋದ, ಅಲ್ಲಿ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಬ್ಯಾಂಕಿನವನಿಗೆ ಮಗುವಾಯಿತು. ಮೆಕ್ಯಾನಿಕ್ ಗ್ಯಾರೇಜ್ ದೊಡ್ಡದು ಮಾಡಿ ಕೈಗೆ ಸಿಗದವನಾದ. ಒಬ್ಬನೇ ಅಪರಿಚಿತರ ತಂಡಕ್ಕೆ ಸೇರಿದರೆ ಯಾವುದೋ ಹೈಸ್ಕೂಲ್ ಹುಡುಗನ ದನಿ, "ಅಂಕಲ್, ಅಡ್ಡ ನಿಂತ್ಕೋಬೇಡಿ ಅಂಕಲ್," ಎಂದು ಗದರಿತು. ಕುತ್ತಿಗೆ ನೋವು, ಕಣ್ಣುರಿ, ಬೆಳಿಗ್ಗೆ ಮತ್ತೆ ಕುಣಿಗಲ್ ಬಸ್ಸು. ಫೋನನ್ನು ಮಗುಚಿಟ್ಟೆ, ಮತ್ತೆ ಆ ಆಟ ತೆರೆಯಲಿಲ್ಲ. ಇಷ್ಟೇ ಕಥೆ.

ಇದನ್ನು ಸಾಕ್ಷಿ ಅಂತ ಹೇಗೆ ಹೇಳುವುದು? ದೇವರು ಬಿಡಿಸಿದ ಅಂದರೆ ದೇವರ ಹೆಸರಿನಲ್ಲೇ ಸುಳ್ಳು. ಸುಸ್ತಾಗಿ ಬಿಟ್ಟೆ ಅಂದರೆ ಅಮ್ಮ ಹಸಿದುಕೊಂಡು ಕೂತದ್ದೆಲ್ಲ ವ್ಯರ್ಥ ಅಂದಂತೆ. ಅದೂ ಅವಳ ತವರಿನ ಸಭೆಯಲ್ಲಿ, ಅವಳ ಜೊತೆ ಆಡಿ ಬೆಳೆದ ಹೆಂಗಸರ ಮುಂದೆ. ಅವಳು ಆ ವಾರವಿಡೀ ಖುಷಿಯಿಂದ ಸೀರೆ ಇಸ್ತ್ರಿ ಮಾಡಿಸುತ್ತಾ ಓಡಾಡುತ್ತಿದ್ದಳು.

ಮಾವ ಹಿಂದಿನ ದಿನ ಫೋನ್ ಮಾಡಿ ಪಾಠ ಬೇರೆ ಹೇಳಿಕೊಟ್ಟರು. "ಸಾಕ್ಷಿ ಅಂದ್ಮೇಲೆ ಮೊದ್ಲು ಎಷ್ಟು ಕೆಟ್ಟೋಗಿದ್ದೆ ಅಂತ ಬಿಡಿಸಿ ಹೇಳ್ಬೇಕು ಕಣಯ್ಯ. ಕೆಲ್ಸ ಗಿಲ್ಸ ಹೋಗಿತ್ತಾ?"

"ಇಲ್ಲ ಮಾವ."

"ಅಮ್ಮನ್ ಮೇಲೆ ಕೈ ಎತ್ತಿದ್ಯಾ?"

"ಅಯ್ಯೋ, ಎಂಥ ಮಾತು ಮಾವ!"

"ಮತ್ತೆ ಪೊಲೀಸು ಗಿಲೀಸು?"

"ಏನೂ ಇಲ್ಲ ಮಾವ."

ಅವರು "ಥೂ, ನೀನೊಬ್ಬ. ಏನೋ ಒಂದು ಹೇಳು, ನಿಮ್ಮಮ್ಮನ ಮರ್ಯಾದೆ ಉಳಿಸು," ಎಂದು ಇಟ್ಟುಬಿಟ್ಟರು.

ಕೂಟದಲ್ಲಿ ನನಗಿಂತ ಮುಂಚೆ ಸಾಕ್ಷಿ ಹೇಳಿದವರು ಕುಡಿತ ಬಿಟ್ಟಿದ್ದ ಒಬ್ಬರು. ಚರಂಡಿಯಲ್ಲಿ ಬಿದ್ದದ್ದು, ಹೆಂಡತಿ ಮಕ್ಕಳ ಸಮೇತ ಹೊರಟುಹೋದದ್ದು, ಮತ್ತೆ ವಾಪಸ್ ಬಂದದ್ದು, ಎಲ್ಲವನ್ನೂ ಹೇಳಿ ಅತ್ತರು, ಕೂತವರನ್ನೂ ಅಳಿಸಿದರು. ಹೆಂಗಸರ ಕಡೆಯಿಂದ ದೇವರಿಗೆ ಸ್ತೋತ್ರ, ಸ್ತೋತ್ರ ಎಂದು ಒಂದೇ ಸಮನೆ ಕೇಳುತ್ತಿತ್ತು. ಆಮೇಲೆ ನನ್ನನ್ನು ಕರೆದರು. ಅಮ್ಮ ಎರಡನೇ ಸಾಲಿನಲ್ಲಿ ಸೆರಗು ಹೊದ್ದು ನೆಟ್ಟಗೆ ಕೂತಿದ್ದಳು.

ನಾನು ಮೈಕ್ ಹಿಡಿದು ಹೇಳಿದ್ದು ಇಷ್ಟೇ: "ನಾನು ಮೊಬೈಲಲ್ಲಿ ಆಟ ಆಡ್ತಿದ್ದೆ. ನನಗದು ಇಷ್ಟ ಇತ್ತು. ಒಳ್ಳೆ ಸ್ನೇಹಿತರಿದ್ರು. ಈಗ ಆಡ್ತಿಲ್ಲ. ಸುಸ್ತಾಯ್ತು, ಬಿಟ್ಟೆ. ನಮ್ಮಮ್ಮ ನನಗೋಸ್ಕರ ತುಂಬಾ ಉಪವಾಸ ಮಾಡಿದ್ರು. ಅವ್ರಿಗೆ ನನ್ನ ಮೇಲೆ ಪ್ರೀತಿ. ಅಷ್ಟೇ, ವಂದನೆಗಳು."

ಯಾರೂ ಸ್ತೋತ್ರ ಅನ್ನಲಿಲ್ಲ. ಮಾವ ಎದ್ದು ಬಂದು ನನ್ನ ಕೈಯಿಂದ ಮೈಕ್ ಕಿತ್ತುಕೊಂಡವರಂತೆ ತೆಗೆದುಕೊಂಡು, "ಸುಸ್ತು ಮಾಡ್ಸಿದ್ದೂ ದೇವ್ರೇ, ಸ್ತೋತ್ರ!" ಎಂದು ಕೂಗಿದರು. ಅಲ್ಲೊಂದು ಇಲ್ಲೊಂದು ದನಿ ಸೇರಿತು. ನಾನು ನನ್ನ ಜಾಗಕ್ಕೆ ಬಂದು ತಲೆ ತಗ್ಗಿಸಿ ಕೂತೆ. ಅಮ್ಮನ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಸಾಕ್ಷಿಗಳು ಮುಗಿದ ಮೇಲೆ ಯಾರಿಗಾದರೂ ಪ್ರಾರ್ಥನೆಯ ವಿಷಯ ಇದೆಯಾ ಅಂತ ಕೇಳುವುದು ನಮ್ಮಲ್ಲಿ ರೂಢಿ. ಮಂಡಿನೋವು, ಮಗಳ ಹೆರಿಗೆ, ಪರೀಕ್ಷೆ, ಹೀಗೆ ಒಬ್ಬೊಬ್ಬರೇ ಹೇಳಿದರು. ಆಮೇಲೆ ಎದ್ದವಳು ಅಮ್ಮ. ಮಗನ ಪರವಾಗಿ ಅವಳೇ ಇನ್ನೊಂದು ಸಾಕ್ಷಿ ಹೇಳಿ ಎಲ್ಲವನ್ನೂ ಸರಿ ಮಾಡಲು ಹೊರಟಿದ್ದಾಳೆ ಅಂದುಕೊಂಡೆ.

"ಇವ್ನು ಹೇಳಿದ್ದು ನಿಜ," ಎಂದಳು. ಮೈಕ್ ಬೇಡವೆಂದು ಕೈಯಾಡಿಸಿದಳು. "ಆಡೋವಾಗ ಬಾಗ್ಲು ಹಾಕ್ಕೊಂಡು ಒಳಗೆ ಒಬ್ನೇ ಗಹಗಹ ಅಂತ ನಗ್ತಿದ್ದ. ನಂಗೆ ಉರಿಯೋದು. ನನ್ ಹತ್ರ ನಗಲ್ಲ, ಗುರ್ತಿಲ್ದೋರ್ ಹತ್ರ ನಗ್ತಾನಲ್ಲ ಅಂತ. ಅದು ನಿಂತೋಗ್ಲಿ ಅಂತಾನೇ ನಾನು ಉಪವಾಸ ಕೂತಿದ್ದು. ನಿಂತೋಯ್ತು. ಆಟ ಬಿಟ್ಮೇಲೆ ನನ್ ಪಕ್ಕದಲ್ಲೇ ಕೂತಿರ್ತಾನೆ, ಕೇಳಿದ್ಕೆ ಉತ್ರ ಕೊಡ್ತಾನೆ. ನಗಾದೇ ಇಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾನ್ ಕೇಳಿದ್ದೇ ತಪ್ಪಾಯ್ತು ಅನ್ಸುತ್ತೆ. ಇವ್ನು ಮತ್ತೆ ನಗಂಗಾಗ್ಲಿ ಅಂತ ಪ್ರಾರ್ಥನೆ ಮಾಡಿ. ಯಾರ್ ಜೊತೆ ಆದ್ರೂ ಸರಿ."

ಹೇಳಿ ಕೂತಳು. ಮಾವ "ಪ್ರಾರ್ಥಿಸೋಣ" ಎಂದಷ್ಟೇ ಹೇಳಿದರು. ನನ್ನ ಹೆಸರು ಹಿಡಿದು ಇಡೀ ಸಭೆ ಜೋರಾಗಿ ಪ್ರಾರ್ಥಿಸತೊಡಗಿತು. ಎಲ್ಲರೂ ಕಣ್ಣು ಮುಚ್ಚಿದ್ದರು. ನಾನು ಮುಚ್ಚದೆ, ಕೈಜೋಡಿಸಿ ಬಗ್ಗಿದ್ದ ಅಮ್ಮನ ಬೆನ್ನನ್ನೇ ನೋಡುತ್ತಾ ಅಳುತ್ತಿದ್ದೆ.